ಲಾಭ ತಿಂದದ್ದು ಕಲ್ಲಿದ್ದಲೋ, ಬಾಕಿಯೋ?

ಪ್ರಶ್ನೆ:

ಸರ್, ನಮ್ಮದು ಸುಂಟಿಕೊಪ್ಪದ ಹತ್ತಿರ 14 ಎಕರೆ ರೋಬಸ್ಟಾ ತೋಟ. ಜತೆಗೆ ಮೂರು ಕೋಣೆಯ ಹೋಂಸ್ಟೇ ಇದೆ. ಕಾಫಿಗೆ ಒಳ್ಳೆ ರೇಟು ಸಿಕ್ಕ ವರ್ಷ ಉಳಿದ ದುಡ್ಡಲ್ಲಿ ಒಂದಷ್ಟನ್ನು ಒಂದು ಖಾಸಗಿ ವಿದ್ಯುತ್ ಕಂಪನಿಯ ಷೇರಿಗೆ ಹಾಕಿದೆ. ದೊಡ್ಡ ಕಂಪನಿಯೇನಲ್ಲ, ಒಂದೇ ರಾಜ್ಯದಲ್ಲಿ ವ್ಯವಹಾರ. ಸ್ವಂತ ಕಲ್ಲಿದ್ದಲು ಸ್ಥಾವರ ಇದೆ. ಸಾಲದ್ದಕ್ಕೆ ಹೊರಗಿನಿಂದ ಕರೆಂಟ್ ಕೊಂಡು ಮಾರುತ್ತದೆ. ಒಂದು ವರ್ಷದಲ್ಲಿ ಅದರ ಆದಾಯ 2,000 ಕೋಟಿಯಿಂದ 2,600 ಕೋಟಿಗೆ ಏರಿತು. ಆದರೆ ಲಾಭ 150 ಕೋಟಿಯಿಂದ 138ಕ್ಕೆ ಇಳಿಯಿತು. ಇಂಧನ ಖರ್ಚು 900ರಿಂದ 1,240 ಕೋಟಿ, ಕೊಂಡ ವಿದ್ಯುತ್ತಿನ ಖರ್ಚು 300ರಿಂದ 530 ಕೋಟಿ ಆಗಿದೆ. 'ಕಲ್ಲಿದ್ದಲು ದುಬಾರಿ ಆಯ್ತು, ಕಂಪನಿ ಮುಳುಗುತ್ತೆ, ಮಾರಿಬಿಡು' ಅಂತಾರೆ ಭಾವ. ಬೆಂಗಳೂರಲ್ಲಿರೋ ಮಗ 'ಗ್ರಾಸ್ ಮಾರ್ಜಿನ್ 40 ಪರ್ಸೆಂಟಿಂದ 32ಕ್ಕೆ ಬಿದ್ದಿದೆ' ಅಂತಾನೆ. ಕಂಪನಿಯ ಪುಸ್ತಕದಲ್ಲಿ ನೋಡಿದರೆ 'ಇಂಧನ ವೆಚ್ಚ ಕಳೆದ ಆದಾಯ ಶೇ. 24 ಹೆಚ್ಚಳ' ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಮೂವರಲ್ಲಿ ಯಾರು ಸರಿ? ಷೇರು ಇಟ್ಟುಕೊಳ್ಳಲಾ, ಮಾರಲಾ? ವಾರ್ಷಿಕ ವರದಿಯ ಪುಟಗಳ ಫೋಟೊ ಕಳಿಸಿದ್ದೇನೆ.

ಉತ್ತರ:

ಫೋಟೊ ಸ್ಪಷ್ಟವಾಗಿ ಬಂದಿವೆ. ಎರಡು ಪುಟದಲ್ಲಿ ಮಾತ್ರ ಕಾಫಿ ಲೋಟದ ಕರೆ ಅಂಕಿಯ ಮೇಲೆ ಕೂತಿತ್ತು, ಹೇಗೋ ಓದಿಕೊಂಡೆ. ನಿಮ್ಮ ಆತಂಕ ಇಷ್ಟು: ಮಾರಾಟ ಮೂರರಲ್ಲೊಂದು ಪಾಲು ಹತ್ತಿರ ಏರಿದರೂ ಲಾಭ ಇಳಿದಿದೆ, ನಡುವೆ ಸೋರಿದ್ದು ಎಲ್ಲಿ? ಭಾವ, ಮಗ, ಕಂಪನಿ, ಮೂವರೂ ಒಂದೇ ಲೆಕ್ಕದ ಬೇರೆ ಬೇರೆ ಸಾಲು ಹಿಡಿದುಕೊಂಡು ಮಾತಾಡುತ್ತಿದ್ದಾರೆ. ಸುಳ್ಳು ಯಾರೂ ಹೇಳಿಲ್ಲ. ಸರಿ ಸಾಲನ್ನೂ ಯಾರೂ ಹಿಡಿದಿಲ್ಲ.

ವಿದ್ಯುತ್ ಬಿಟ್ಟು ನಿಮ್ಮ ಊರಿನ ಲೆಕ್ಕಕ್ಕೇ ಬರೋಣ. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಕಾಫಿ ಕೊಳ್ಳುವ ಒಬ್ಬ ವ್ಯಾಪಾರಿ ಇದ್ದಾರೆ ಅಂದುಕೊಳ್ಳಿ. ಒಂದು ಚೀಲ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 4,000ಕ್ಕೆ ಕೊಂಡು 4,500ಕ್ಕೆ ಮುಂದೆ ಸಾಗಿಸುತ್ತಾರೆ. ಚೀಲಕ್ಕೆ 500 ಉಳಿಯಿತು. ಮಾರಾಟದ ಮೇಲೆ ಲೆಕ್ಕ ಹಾಕಿದರೆ ಶೇ. 11. ಕಾಫಿ ರೇಟು ಏರಿತು, ಈಗ ಅದೇ ಚೀಲ 9,000ಕ್ಕೆ ಕೊಂಡು 9,500ಕ್ಕೆ ಮಾರುತ್ತಾರೆ. ಉಳಿದದ್ದು ಅದೇ 500. ಶೇಕಡಾ ಮಾತ್ರ 5ರ ಹತ್ತಿರಕ್ಕೆ ಬಿತ್ತು. ಅವರ ವಹಿವಾಟು ದುಪ್ಪಟ್ಟಾಯಿತು ಎಂದು ಅವರು ಶ್ರೀಮಂತರಾದರಾ? ಇಲ್ಲ. ಮಾರ್ಜಿನ್ ಅರ್ಧ ಆಯಿತು ಎಂದು ಬಡವರಾದರಾ? ಅದೂ ಇಲ್ಲ. ಒಂದು ಮಾತ್ರ ನಿಜವಾಗಿ ಬದಲಾಯಿತು. ಮೊದಲು ನೂರು ಚೀಲ ಕೊಳ್ಳಲು 4 ಲಕ್ಷ ಸಾಕಿತ್ತು, ಈಗ 9 ಲಕ್ಷ ಬೇಕು. ಆ ಹೆಚ್ಚಿನ ದುಡ್ಡು ಎಲ್ಲಿಂದ ತಂದರು, ಎಷ್ಟು ಬಡ್ಡಿಗೆ ತಂದರು, ಮುಂದಿನವನು ಎಷ್ಟು ದಿನಕ್ಕೆ ಹಣ ಕೊಟ್ಟ? ಈ ಕೊನೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೇ ಬರುತ್ತೇವೆ.

ಕಲ್ಲಿದ್ದಲು ಸ್ಥಾವರದ ಕಂಪನಿಯೂ ಬಹುಮಟ್ಟಿಗೆ ಈ ವ್ಯಾಪಾರಿಯ ಹಾಗೆಯೇ. ಕಲ್ಲಿದ್ದಲಿನ ಬೆಲೆ ಅದರ ಕೈಯಲ್ಲಿಲ್ಲ. ದೀರ್ಘಾವಧಿ ಒಪ್ಪಂದ ಇದ್ದರೆ ಆ ಬೆಲೆಯನ್ನು ಕೊಳ್ಳುವವರ ಬಿಲ್ಲಿಗೆ ದಾಟಿಸುತ್ತದೆ. ನಿಮ್ಮ ಮನೆಗೆ ಕರೆಂಟ್ ಕೊಡುವ ಸೆಸ್ಕ್ ನಿಗಮದ ಬಿಲ್ಲಿನಲ್ಲಿ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಅಂತ ಒಂದು ಸಾಲು ಬರುತ್ತದಲ್ಲ, ಆ ದಾಟಿಸುವಿಕೆ ಕೊನೆಗೆ ಬಂದು ನಿಲ್ಲುವ ಜಾಗ ಅದು. 2023ರ ಜೂನ್ ಬಿಲ್ ಬಂದಾಗ ರಾಜ್ಯದಲ್ಲಿ ಎಷ್ಟು ಗಲಾಟೆ ಆಯಿತು, ನೆನಪಿರಬಹುದು. ಹೀಗೆ ಬಂದು ಹಾಗೇ ಹೋಗುವ ದುಡ್ಡು ಕಂಪನಿಯ ಆದಾಯದ ಸಾಲಲ್ಲೂ ಕೂರುತ್ತದೆ, ಖರ್ಚಿನ ಸಾಲಲ್ಲೂ ಕೂರುತ್ತದೆ. ಅದಕ್ಕೇ ಬರೀ ಆದಾಯ ನೋಡಿದರೆ ಏನೂ ತಿಳಿಯುವುದಿಲ್ಲ. ಇಂಧನವನ್ನೂ ಕೊಂಡ ವಿದ್ಯುತ್ತನ್ನೂ ಕಳೆದು ಉಳಿಯುವ ಮೊತ್ತ ನೋಡಬೇಕು. ನಿಮ್ಮ ಮಗ ಗ್ರಾಸ್ ಮಾರ್ಜಿನ್ ಅಂದದ್ದು ಇದನ್ನೇ, ಆದಾಯದ ಶೇಕಡಾ ಲೆಕ್ಕದಲ್ಲಿ. ಅಮೆರಿಕದ ಪ್ರಾದೇಶಿಕ ವಿದ್ಯುತ್ ಕಂಪನಿಗಳು ಎಷ್ಟೋ ಕಾಲದಿಂದ ಈ ಅಂಕಿಯನ್ನು ಪ್ರತ್ಯೇಕವಾಗಿ ಕೊಡುತ್ತಿವೆ. 'ಇದು ಲೆಕ್ಕಪತ್ರ ಮಾನದಂಡದ ಅಂಕಿಯಲ್ಲ, ನಮ್ಮದೇ ಅಳತೆ' ಅಂತ ಪಕ್ಕದಲ್ಲೇ ಷರಾ ಹಾಕುತ್ತವೆ. ನಮ್ಮ ದೇಶದ ಲಾಭ-ನಷ್ಟ ಪಟ್ಟಿಯಲ್ಲಿ ಗ್ರಾಸ್ ಮಾರ್ಜಿನ್ ಅನ್ನುವ ಸಾಲೇ ಇಲ್ಲ. ಇಂಧನ ಒಂದು ಸಾಲು, ಖರೀದಿಸಿದ ವಿದ್ಯುತ್ ಇನ್ನೊಂದು ಸಾಲು, ಕೂಡಿ ಕಳೆಯುವ ಕೆಲಸ ನಮ್ಮದು.

ಕಳೆದು ನೋಡೋಣ. ಮೊದಲ ವರ್ಷ 2,000ದಲ್ಲಿ 900 ಮತ್ತು 300 ಹೋದರೆ 800 ಕೋಟಿ. ಎರಡನೇ ವರ್ಷ 2,600ರಲ್ಲಿ 1,240 ಮತ್ತು 530 ಹೋದರೆ 830 ಕೋಟಿ. ಅಂದರೆ ಇಂಧನ, ಖರೀದಿ ಎರಡನ್ನೂ ಕಳೆದ ಮೇಲೂ 30 ಕೋಟಿ ಜಾಸ್ತಿಯೇ ಉಳಿದಿದೆ. ಆದಾಯ ಏರಿದ್ದು 600 ಕೋಟಿ, ಅದರಲ್ಲಿ 570 ಕೋಟಿ ಹೀಗೆ ಬಂದು ಹಾಗೆ ಹೋಗಿದೆ. ನೀವು ಕಳಿಸಿದ ಪುಟದ ಪ್ರಕಾರ ಕಂಪನಿ ಮೊದಲ ವರ್ಷ 400 ಕೋಟಿ ಯೂನಿಟ್, ಎರಡನೇ ವರ್ಷ 410 ಕೋಟಿ ಯೂನಿಟ್ ಮಾರಿದೆ. ಯೂನಿಟ್ಟಿಗೆ ಉಳಿದದ್ದು ಆಗ 2 ರೂಪಾಯಿ, ಈಗ 2 ರೂಪಾಯಿ 2 ಪೈಸೆ. ನಿಮ್ಮ ಮಗ ಹೇಳಿದ 40, 32 ಎರಡೂ ಸರಿಯಾದ ಭಾಗಾಕಾರವೇ. ಆದರೆ ಅದು ಕಾಫಿ ವ್ಯಾಪಾರಿಯ 11, 5ರ ಥರದ್ದು. ಭಾಗಿಸುವ ಅಂಕಿ, ಅಂದರೆ ಆದಾಯ, ಉಬ್ಬಿದ್ದರಿಂದ ಶೇಕಡಾ ಕುಗ್ಗಿದೆ, ಅಷ್ಟೇ. ಬಟ್ಟೆ ಅಂಗಡಿಗೆ ಶೇಕಡಾ ನೋಡುವುದು ಸರಿ. ವಿದ್ಯುತ್ ಕಂಪನಿಗೆ ಯೂನಿಟ್ಟಿಗೆ ಎಷ್ಟು ರೂಪಾಯಿ ಉಳಿಯಿತು ಅನ್ನುವುದೇ ಅಳತೆ.

ಇನ್ನು ಕಂಪನಿಯ ದಪ್ಪಕ್ಷರ. ಅವರು ಇಂಧನ ಮಾತ್ರ ಕಳೆದಿದ್ದಾರೆ. 1,100 ಇದ್ದದ್ದು 1,360 ಆಯಿತು, ಶೇ. 24 ಹೆಚ್ಚಳ. ಇಂಥ ಚಾಲಾಕಿಯನ್ನು ನಾನು ತುಂಬ ನೋಡಿದ್ದೇನೆ. ಇಪ್ಪತ್ತು ವರ್ಷ ವಿದ್ಯುತ್ ಸ್ಥಾವರಗಳ ವೆಚ್ಚ ತಪಾಸಣೆ ಮಾಡಿದವನು ನಾನು. ಒಂದು ಕಡೆ ಸಭೆಯಲ್ಲಿ ಇದೇ ಥರದ ಗ್ರಾಫ್ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದರು. ಆ ವರ್ಷ ಅವರ ಬಾಯ್ಲರ್ ಮೂರು ತಿಂಗಳು ನಿಂತೇ ಇತ್ತು! ಸ್ಥಾವರ ನಿಂತರೆ ಕಲ್ಲಿದ್ದಲು ಉರಿಯುವುದಿಲ್ಲ, ಇಂಧನ ಖರ್ಚು ಇಳಿಯುತ್ತದೆ. ಆದರೆ ಮಾತು ಕೊಟ್ಟ ಕರೆಂಟ್ ಕೊಡಲೇಬೇಕಲ್ಲ, ಅದನ್ನು ಹೊರಗಿನಿಂದ ದುಬಾರಿಗೆ ಕೊಳ್ಳುತ್ತಾರೆ. ಆ ಖರ್ಚು ಬೇರೆ ಸಾಲಿನಲ್ಲಿ ಹೋಗುತ್ತದೆ. ಮನೆಯಲ್ಲಿ ಅಡುಗೆ ಮಾಡದೆ ದಿನಾ ಹೋಟೆಲಿನಿಂದ ತರಿಸಿ, 'ಈ ತಿಂಗಳು ಗ್ಯಾಸ್ ಎಷ್ಟು ಉಳಿಯಿತು ನೋಡಿ' ಅಂದ ಹಾಗೆ. ಹಾಗಾಗಿ ಎರಡನ್ನೂ ಒಟ್ಟಿಗೆ ಕಳೆಯದ ಅಂಕಿಯನ್ನು ನಾನು ನಂಬುವುದಿಲ್ಲ.

ನಿಮ್ಮ ಕಂಪನಿಯಲ್ಲೂ ಸಣ್ಣ ಪ್ರಮಾಣದಲ್ಲಿ ಇದೇ ಆಗಿದೆ. ಒಂದು ಘಟಕ ಏಳು ವಾರ ದುರಸ್ತಿಗೆ ನಿಂತಿತ್ತು ಎಂದು ನಿರ್ದೇಶಕರ ವರದಿಯ ನಡುವೆ ಒಂದು ಸಾಲಿದೆ, ನೀವು ಫೋಟೊ ತೆಗೆದ ಎಡಪುಟದ ಕೆಳಗೆ. ಸ್ವಂತ ಉತ್ಪಾದನೆ 340 ಕೋಟಿ ಯೂನಿಟ್‌ನಿಂದ 325ಕ್ಕೆ ಇಳಿದು, ಖರೀದಿ 60ರಿಂದ 85 ಕೋಟಿಗೆ ಏರಿದೆ. ಸ್ವಂತ ಯೂನಿಟ್ಟಿನ ಇಂಧನಕ್ಕೆ ಬಿದ್ದದ್ದು 3 ರೂಪಾಯಿ 82 ಪೈಸೆ, ಕೊಂಡದ್ದಕ್ಕೆ 6 ರೂಪಾಯಿ 24 ಪೈಸೆ. ಇಳಿದ ಆ 15 ಕೋಟಿ ಯೂನಿಟ್ಟನ್ನು ತಾವೇ ಉತ್ಪಾದಿಸಿದ್ದರೆ ಸುಮಾರು 36 ಕೋಟಿ ಉಳಿಯುತ್ತಿತ್ತು. ಕಲ್ಲಿದ್ದಲಿನ ಬೆಲೆ ಏರಿದ್ದನ್ನು ಬಿಲ್ಲಿಗೆ ದಾಟಿಸಬಹುದು. ತಮ್ಮ ಬಾಯ್ಲರ್ ಕೆಟ್ಟದ್ದನ್ನು ದಾಟಿಸುವುದು ಕಷ್ಟ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಲ್ಲಿದ್ದಲು ದುಬಾರಿಯಾದರೆ ಲಾಭಕ್ಕೆ ಏನೂ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಲೆ ಬೇರೆ, ಕಲ್ಲಿದ್ದಲನ್ನು ಎಷ್ಟು ಚೆನ್ನಾಗಿ ಉರಿಸುತ್ತಾರೆ ಅನ್ನುವುದು ಬೇರೆ. ನಿಮಗೆ ಔಟ್ ಟರ್ನ್ ಲೆಕ್ಕ ಹೇಳಿಕೊಡಬೇಕಿಲ್ಲ. ಐವತ್ತು ಕಿಲೋ ಚೆರಿಯಲ್ಲಿ ಎಷ್ಟು ಕಿಲೋ ಬೀಜ ಬರುತ್ತದೆ ಅನ್ನುವುದರ ಮೇಲೇ ನಿಮ್ಮ ರೇಟು ನಿಲ್ಲುವುದು. ಸ್ಥಾವರಕ್ಕೂ ಒಂದು ಔಟ್ ಟರ್ನ್ ಇದೆ, ಅದನ್ನು ಹೀಟ್ ರೇಟ್ ಅಂತಾರೆ. ಒಂದು ಯೂನಿಟ್ ತೆಗೆಯಲು ಎಷ್ಟು ಕಿಲೋ ಕ್ಯಾಲರಿ ಶಾಖ ಸುಟ್ಟಿರಿ ಅನ್ನುವ ಲೆಕ್ಕ. ಒಂದು ಯೂನಿಟ್ ವಿದ್ಯುತ್ತಿನೊಳಗೆ ಇರುವುದು 860 ಕಿಲೋ ಕ್ಯಾಲರಿ. ಅದಕ್ಕೆ 2,400 ಸುಟ್ಟರೆ ನೂರರಲ್ಲಿ 36 ಪಾಲು ಕೈಗೆ ಬಂತು, ಉಳಿದದ್ದು ಬಿಸಿನೀರು ಮತ್ತು ಹೊಗೆ.

ಉದಾಹರಣೆಗೆ, ಕಿಲೋಗೆ 3,600 ಕಿಲೋ ಕ್ಯಾಲರಿ ಇರುವ ಕಲ್ಲಿದ್ದಲು ತೆಗೆದುಕೊಳ್ಳಿ. ಯೂನಿಟ್ಟಿಗೆ 670 ಗ್ರಾಂ ಬೇಕು. ಟನ್ನಿಗೆ 4,500 ರೂಪಾಯಿ ಇದ್ದರೆ ಅಲ್ಲಿಗೆ 3 ರೂಪಾಯಿ. ಸ್ಥಾವರದ ಪಂಪು, ಫ್ಯಾನು, ಗಿರಣಿಗಳೇ ನೂರಕ್ಕೆ ಎಂಟು ಯೂನಿಟ್ ತಿನ್ನುತ್ತವೆ ಅಂದುಕೊಂಡರೆ, ಮಾರುವ ಯೂನಿಟ್ಟಿಗೆ 3 ರೂಪಾಯಿ 26 ಪೈಸೆ. ಈಗ ಹೀಟ್ ರೇಟ್ 2,400 ಇದ್ದದ್ದು 2,500 ಆಗಲಿ. ಖರ್ಚು ಸುಮಾರು 14 ಪೈಸೆ ಏರುತ್ತದೆ. ಹದಿನಾಲ್ಕು ಪೈಸೆಯಲ್ಲಿ ಏನಿದೆ ಅನ್ನಿಸಬಹುದು. 325 ಕೋಟಿ ಯೂನಿಟ್ಟಿಗೆ ಗುಣಿಸಿ, 44 ಕೋಟಿ ದಾಟುತ್ತದೆ! ವಿದ್ಯುತ್ ನಿಯಂತ್ರಣ ಆಯೋಗ ಹೀಟ್ ರೇಟಿಗೆ ಒಂದು ಮಿತಿ ಹಾಕಿರುತ್ತದೆ. ಅದರೊಳಗಿನ ಇಂಧನ ಖರ್ಚು ಮಾತ್ರ ಬಿಲ್ಲಿಗೆ ದಾಟುತ್ತದೆ. ಮಿತಿ ಮೀರಿ ಸುಟ್ಟದ್ದು ಕಂಪನಿಯ ಜೇಬಿನಿಂದ. ಭಾವ ಹೇಳಿದ 'ಕಲ್ಲಿದ್ದಲು ತಿಂದಿತು' ಅನ್ನುವುದು ನಿಜವಾಗುವುದು ಇಂಥ ಕಡೆ.

ಮಳೆಗಾಲದಲ್ಲಿ ಕಲ್ಲಿದ್ದಲು ಅಂಗಳಕ್ಕೆ ಹೋಗಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನೆನೆದ ಕಲ್ಲಿದ್ದಲು ಪುಡಿ ಕೆಸರಿನಂತಾಗಿ ಬಂಕರಿನ, ಅಂದರೆ ಕಲ್ಲಿದ್ದಲು ತುಂಬಿಡುವ ದೊಡ್ಡ ತೊಟ್ಟಿಯ, ಗೋಡೆಗೆ ಅಂಟಿಕೊಳ್ಳುತ್ತದೆ, ಕೆಳಕ್ಕೆ ಇಳಿಯುವುದೇ ಇಲ್ಲ. ನಾಲ್ಕು ಜನ ಉದ್ದ ಕಬ್ಬಿಣದ ಸರಳು ಹಿಡಿದು ಚುಚ್ಚುತ್ತಾ, ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುತ್ತಾ ನಿಂತಿರುತ್ತಾರೆ. ವ್ಯಾಗನ್ ತೂಕದಲ್ಲಿ ನೀರೂ ಸೇರಿರುತ್ತದೆ. ಆ ನೀರನ್ನು ಆವಿ ಮಾಡಿ ಹೊಗೆಗೂಡಿಗೆ ಕಳಿಸಲಿಕ್ಕೇ ಒಂದಷ್ಟು ಶಾಖ ಖರ್ಚು. ಸರಿಯಾಗಿ ಒಣಗದ ಚೆರಿ ತಂದರೆ ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿಯೇ ಮುಖ ಸಿಂಡರಿಸುತ್ತಾರಲ್ಲ, ಸ್ಥಾವರದವರಿಗೆ ಆ ಅವಕಾಶ ಕಮ್ಮಿ. ಬಂದ ಗೂಡ್ಸ್ ರೈಲಿನ ಕಲ್ಲಿದ್ದಲನ್ನು ಇಳಿಸಿಕೊಳ್ಳಲೇಬೇಕು.

ನಿಮ್ಮ ಹೋಂಸ್ಟೇ ಜನರೇಟರಿಗೂ ಇದೇ ಲೆಕ್ಕ. ನಾಪೋಕ್ಲಿನ ನನ್ನ ನೆಂಟರ ಮನೆಯಲ್ಲಿ ಜನರೇಟರ್ ಶೆಡ್ಡಿನ ಮೊಳೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದಾರೆ. ದಿನಾಂಕ, ಎಷ್ಟು ಗಂಟೆ ಓಡಿತು, ಎಷ್ಟು ಲೀಟರ್ ಹಾಕಿದೆವು. ಲೀಟರಿಗೆ ಮೂರು ಯೂನಿಟ್ ಬಂದರೆ, ಡೀಸೆಲ್ 90 ರೂಪಾಯಿಯಂತೆ ಇಂಧನವೇ ಯೂನಿಟ್ಟಿಗೆ 30 ರೂಪಾಯಿ. ಅತಿಥಿಗಳು ಕೊಡುವ ಬಾಡಿಗೆಯಲ್ಲಿ ಆ ಡೀಸೆಲ್ ಸೇರಿದೆಯೋ ಇಲ್ಲವೋ ಅನ್ನುವುದೇ 'ದಾಟಿಸುವ' ಪ್ರಶ್ನೆ. ಇಂಜಿನ್ ಹಳತಾಗಿ ಲೀಟರಿಗೆ ಎರಡೇ ಯೂನಿಟ್ ಬರತೊಡಗಿದರೆ ಅದು ಹೀಟ್ ರೇಟಿನ ಪ್ರಶ್ನೆ.

ಹೋಂಸ್ಟೇ ಮಾತು ಬಂತಲ್ಲ, ಇನ್ನೊಂದು ತಪ್ಪು ನಂಬಿಕೆಯನ್ನೂ ಅಲ್ಲೇ ಮುಗಿಸುತ್ತೇನೆ. 'ಸ್ಥಾವರ ಅರ್ಧ ಸಾಮರ್ಥ್ಯದಲ್ಲಿ ಓಡುತ್ತಿದೆ, ಹಾಗಾಗಿ ನಷ್ಟ' ಅಂತ ಟಿ.ವಿ.ಯಲ್ಲಿ ಹೇಳುತ್ತಿರುತ್ತಾರೆ. ಒಬ್ಬ ಏಜೆಂಟ್ ಇಡೀ ಸೀಸನ್ನಿಗೆ ನಿಮ್ಮ ಮೂರೂ ಕೋಣೆ ಹಿಡಿದಿದ್ದಾನೆ ಅಂದುಕೊಳ್ಳಿ. ಅತಿಥಿ ಬರಲಿ ಬಿಡಲಿ, ಕೋಣೆ ಬಾಡಿಗೆ ಕೊಡುತ್ತಾನೆ. ಬಂದವರು ತಿಂದ ಕಡಂಬಿಟ್ಟು, ಅಕ್ಕಿ ರೊಟ್ಟಿಗೆ ತಟ್ಟೆ ಲೆಕ್ಕದಲ್ಲಿ ಅಸಲು ಖರ್ಚು ಕೊಡುತ್ತಾನೆ. ಒಪ್ಪಂದದ ಮೇಲೆ ನಡೆಯುವ ಸ್ಥಾವರಕ್ಕೂ ಹೀಗೇ ಎರಡು ಬಿಲ್. ಸ್ಥಿರ ಶುಲ್ಕ ಒಂದು, ಇಂಧನ ಶುಲ್ಕ ಒಂದು. ಸಾಲದ ಬಡ್ಡಿ, ಸವಕಳಿ (ಸ್ಥಾವರ ವರ್ಷ ವರ್ಷ ಸವೆಯುವುದರ ಲೆಕ್ಕ), ನಿರ್ವಹಣೆ, ಮಾಲೀಕರ ಬಂಡವಾಳದ ಮೇಲಿನ ಪ್ರತಿಫಲ ಎಲ್ಲ ಇರುವುದು ಸ್ಥಿರ ಶುಲ್ಕದಲ್ಲಿ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ನಿಯಮದಲ್ಲಿ ಕಲ್ಲಿದ್ದಲು ಸ್ಥಾವರಕ್ಕೆ ಆ ಪ್ರತಿಫಲ ಶೇ. 15.5. ಷರತ್ತು ಒಂದೇ, ಕೋಣೆ ಸಿದ್ಧ ಇರಬೇಕು. ಕಲ್ಲಿದ್ದಲು ಸ್ಥಾವರ ಸಾಮಾನ್ಯವಾಗಿ ವರ್ಷದಲ್ಲಿ ಶೇ. 85ರಷ್ಟು ಸಿದ್ಧವಾಗಿದ್ದರೆ ಪೂರ್ತಿ ಸ್ಥಿರ ಶುಲ್ಕ. ಕಡಿಮೆಯಾದರೆ ಅದೇ ಪ್ರಮಾಣದಲ್ಲಿ ಕಡಿತ. ನಿಮ್ಮ ಕಂಪನಿಯ ಏಳು ವಾರದ ದುರಸ್ತಿ ಇದಕ್ಕೇ ಮುಖ್ಯ. ಎಷ್ಟು ಓಡಿತು ಅನ್ನುವುದಕ್ಕಿಂತ ಎಷ್ಟು ಸಿದ್ಧವಿತ್ತು ಅನ್ನುವ ಅಂಕಿಯನ್ನು ಹುಡುಕಿ.

ಹಾಗಾದರೆ ಲಾಭ ಇಳಿದದ್ದು ಎಲ್ಲಿ? 800 ಮತ್ತು 830ರ ಕೆಳಗೆ ಬನ್ನಿ. ಸಂಬಳ, ನಿರ್ವಹಣೆ 250ರಿಂದ 262 ಆಗಿದೆ, ತೀರಾ ಜಾಸ್ತಿಯಲ್ಲ. ಸವಕಳಿ ಎರಡೂ ವರ್ಷ 160. ಬಡ್ಡಿ ಮಾತ್ರ 190ರಿಂದ 224. ಒಂದೇ ವರ್ಷಕ್ಕೆ 34 ಕೋಟಿ ಏರಿಕೆ. ಎಲ್ಲ ಕಳೆದರೆ ತೆರಿಗೆಗೆ ಮುಂಚಿನ ಲಾಭ 200ರಿಂದ 184, ತೆರಿಗೆ ಕೊಟ್ಟ ಮೇಲೆ 150ರಿಂದ 138. ಹೊಸ ಸ್ಥಾವರವೇನೂ ಕಟ್ಟಿಲ್ಲ, ಸವಕಳಿ ಅಲ್ಲಾಡಿಲ್ಲ. ಮತ್ತೆ ಬಡ್ಡಿ ಯಾಕೆ ಏರಿತು?

ಆಸ್ತಿ-ಹೊಣೆ ಪಟ್ಟಿಯಲ್ಲಿ ಬರಬೇಕಾದ ಬಾಕಿ ಅನ್ನುವ ಸಾಲಿದೆ. ಕಾಫಿ ಲೋಟದ ಕರೆ ಕೂತಿದ್ದೂ ಅದರ ಮೇಲೇ! ಮೊದಲ ವರ್ಷದ ಕೊನೆಗೆ 420 ಕೋಟಿ ಇದ್ದದ್ದು ಎರಡನೇ ವರ್ಷದ ಕೊನೆಗೆ 780 ಕೋಟಿ. ದಿನಕ್ಕೆ ಇಳಿಸಿದರೆ ಮಾರಿದ ಕರೆಂಟಿನ ದುಡ್ಡು ಮೊದಲು 77 ದಿನಕ್ಕೆ ಬರುತ್ತಿತ್ತು, ಈಗ 110 ದಿನ. ಕಲ್ಲಿದ್ದಲಿನವರಿಗೂ ರೈಲ್ವೆಗೂ ಮುಂಗಡ ಕಟ್ಟಬೇಕು. ಕರೆಂಟ್ ಕೊಂಡವರು ಮೂರೂವರೆ ತಿಂಗಳಿಗೆ ಕೊಡುತ್ತಾರೆ. ನಡುವಿನ ದಿನಗಳನ್ನು ಬ್ಯಾಂಕ್ ಸಾಲದಲ್ಲಿ ತಳ್ಳಬೇಕು. ಆ ಹೆಚ್ಚುವರಿ 360 ಕೋಟಿಗೆ ಶೇ. 9.5ರಂತೆ ಪೂರ್ತಿ ವರ್ಷದ ಬಡ್ಡಿ 34 ಕೋಟಿ. ಬಾಕಿ ತಿಂಗಳು ತಿಂಗಳಿಗೆ ಏರುತ್ತಾ ಹೋಗಿದ್ದರೆ ಅದರ ಪಾಲು ಅರ್ಧ, ಉಳಿದರ್ಧ ದುಬಾರಿ ಕಲ್ಲಿದ್ದಲಿನ ದಾಸ್ತಾನಿಗೆ ತಂದ ಸಾಲ ಇರಬೇಕು. ಎರಡೂ ಒಂದೇ ಕಾಯಿಲೆ. ನಮ್ಮ ಕಾಫಿ ವ್ಯಾಪಾರಿಗೆ 4 ಲಕ್ಷದ ಬದಲು 9 ಲಕ್ಷ ಬೇಕಾಯಿತಲ್ಲ, ಅದೇ.

ಅಂದರೆ ಭಾವನ ಮಾತಿನಲ್ಲಿ ಕಾಲು ಭಾಗ ಸತ್ಯ ಇದೆ. ಕಲ್ಲಿದ್ದಲಿನ ಬೆಲೆ ನೇರವಾಗಿ ಲಾಭ ತಿನ್ನಲಿಲ್ಲ. ದುಡ್ಡು ಸಿಕ್ಕಿಹಾಕಿಕೊಳ್ಳುವ ಹಾಗೆ ಮಾಡಿ, ಬಡ್ಡಿಯ ಬಾಯಲ್ಲಿ ತಿನ್ನಿಸಿತು. ಇದು ದೇಶದ ಹಳೇ ರೋಗ. ವಿತರಣಾ ಕಂಪನಿಗಳು ಉತ್ಪಾದಕರಿಗೆ ಉಳಿಸಿಕೊಂಡ ಬಾಕಿ ಲಕ್ಷ ಕೋಟಿ ದಾಟಿ, 2022ರಲ್ಲಿ ಕೇಂದ್ರ ಸರ್ಕಾರ ತಡಪಾವತಿ ನಿಯಮ ತಂದು, 48 ಕಂತುಗಳವರೆಗೆ ಕಟ್ಟಿ ತೀರಿಸಿ ಎಂದಿತು. ಕಟ್ಟದಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ, ಅಂದರೆ ಕರೆಂಟಿನ ಪೇಟೆಯಲ್ಲಿ, ಕೊಳ್ಳುವುದಕ್ಕೇ ಕತ್ತರಿ. ಆಮೇಲೆ ಒಟ್ಟಾರೆ ಪರಿಸ್ಥಿತಿ ಸುಧಾರಿಸಿದೆ. ಆದರೆ ಪ್ರತಿ ಕಂಪನಿಗೂ ಅದರ ಗಿರಾಕಿ ಯಾರು ಅನ್ನುವುದರ ಮೇಲೆ ಹೋಗುತ್ತದೆ.

ಇಂಧನ ದಾಟಿಸಲು ಆಗದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಗುಜರಾತಿನ ಮುಂದ್ರಾ ಇದೆ. ಟಾಟಾ ಪವರ್ 2006ರಲ್ಲಿ 4,000 ಮೆಗಾವಾಟ್ ಸ್ಥಾವರಕ್ಕೆ ಯೂನಿಟ್ಟಿಗೆ ಸರಾಸರಿ 2 ರೂಪಾಯಿ 26 ಪೈಸೆ ಬಿಡ್ ಹಾಕಿ ಗೆದ್ದಿತು. ಇಂಡೋನೇಷ್ಯಾದ ಕಲ್ಲಿದ್ದಲು ಅಗ್ಗವಾಗೇ ಇರುತ್ತದೆ ಅನ್ನುವ ಲೆಕ್ಕ. ಆ ದೇಶ 2010ರಲ್ಲಿ ನಿಯಮ ಬದಲಿಸಿ, ರಫ್ತಿನ ಬೆಲೆಯನ್ನು ಅಂತರರಾಷ್ಟ್ರೀಯ ದರಕ್ಕೆ ಕಟ್ಟಿತು. 'ಇದು ನಮ್ಮ ಕೈಮೀರಿದ್ದು, ದರ ಹೆಚ್ಚಿಸಿ' ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಅಲ್ಲಿ ನಿಜಕ್ಕೂ ಕಲ್ಲಿದ್ದಲೇ ಲಾಭ ತಿಂದಿತು. ತಮಾಷೆ ಏನೆಂದರೆ ಅದೇ ಟಾಟಾ ಪವರ್ 2007ರಲ್ಲಿ ಇಂಡೋನೇಷ್ಯಾದ ಗಣಿಗಳಲ್ಲಿ ಶೇ. 30 ಪಾಲು ಕೊಂಡಿತ್ತು. ಕಲ್ಲಿದ್ದಲು ಏರಿದಾಗ ಸ್ಥಾವರದಲ್ಲಿ ಹೋದದ್ದು ಒಂದಷ್ಟು ಗಣಿಯಲ್ಲಿ ವಾಪಸ್ ಬರುತ್ತಿತ್ತು. ಸ್ಥಾವರದ ಮಾರ್ಜಿನ್ ಮಾತ್ರ ನೋಡಿದವರಿಗೆ ಆ ಅರ್ಧ ಕಥೆ ಕಾಣುವುದಿಲ್ಲ. ನಿಮ್ಮ ಕಂಪನಿಯ ಒಪ್ಪಂದದಲ್ಲಿ ಇಂಧನ ದಾಟಿಸುವ ಅವಕಾಶ ಇದೆ ಎಂದು ಲೆಕ್ಕದ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಯೂನಿಟ್ಟಿನ 2 ರೂಪಾಯಿ ಅಲ್ಲಾಡದಿರುವುದೂ ಅದಕ್ಕೆ ಸಾಕ್ಷಿ.

ಪತ್ರದ ಕೊನೆಯಲ್ಲಿ ಇನ್ನೊಂದು ಕೇಳಿದ್ದೀರಿ, 'ಇದನ್ನು ಮಾರಿ ನಮ್ಮ ಸೆಸ್ಕ್ ಷೇರು ತೊಗೊಂಡರೆ ಹೇಗೆ, ಷೇರುಪೇಟೆ ಪಟ್ಟಿಯಲ್ಲಿ ನೋಡಿದೆ' ಅಂತ. ದಯವಿಟ್ಟು ನಿಲ್ಲಿ! ಷೇರುಪೇಟೆಯಲ್ಲಿರುವ ಸಿಇಎಸ್‌ಸಿ ಕೋಲ್ಕತ್ತಾದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಆ ಊರಿಗೆ ಕರೆಂಟ್ ಕೊಡುತ್ತಿರುವ ಖಾಸಗಿ ಕಂಪನಿ. ಮಡಿಕೇರಿಯಲ್ಲಿ ನಿಮಗೆ ಬಿಲ್ ಕೊಡುವ ಸೆಸ್ಕ್, ಮಂಗಳೂರಿನ ಮೆಸ್ಕಾಂನಿಂದ ಬೇರೆಯಾಗಿ 2005ರಲ್ಲಿ ಕೆಲಸ ಶುರು ಮಾಡಿದ ಚಾಮುಂಡೇಶ್ವರಿ ನಿಗಮ. ಅದು ರಾಜ್ಯ ಸರ್ಕಾರದ್ದು, ಅದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರ ನಾಲ್ಕೂ ಒಂದೇ ಆದ್ದರಿಂದ ಈ ಗೊಂದಲ. ನಿಮ್ಮೊಬ್ಬರಿಗೇ ಅಲ್ಲ, ಮೈಸೂರಿನವರೂ ಕೇಳಿದ್ದಾರೆ.

ಈಗ ಮುಂದೇನು ಅನ್ನುವುದು. ನಾನು ಷೇರು ಸಲಹೆಗಾರನಲ್ಲ, ಲೆಕ್ಕ ನೋಡುವವನು. ಆದರೂ ನಿಮ್ಮ ಮುಂದಿರುವ ದಾರಿಗಳ ಗುಂಡಿಗಳನ್ನು ತೋರಿಸಬಲ್ಲೆ.

ಇಟ್ಟುಕೊಂಡು ಕಾಯುವುದು ಒಂದು. ನನ್ನ ಒಲವು ಆ ಕಡೆಗೇ, ಆದರೆ ಕಣ್ಣುಮುಚ್ಚಿ ಅಲ್ಲ. ಮುಂದಿನ ಎರಡು ತ್ರೈಮಾಸಿಕದಲ್ಲಿ ಯೂನಿಟ್ಟಿಗೆ ಉಳಿಯುವ ಮೊತ್ತ, ಬಡ್ಡಿ, ಬಾಕಿ ಈ ಮೂರನ್ನೇ ನೋಡಿ. ಪೂರ್ತಿ ಆಸ್ತಿ-ಹೊಣೆ ಪಟ್ಟಿ ಆರು ತಿಂಗಳಿಗೊಮ್ಮೆ ಮಾತ್ರ ಬರುತ್ತದೆ, ಹಾಗಾಗಿ ಬಾಕಿಯ ಲೆಕ್ಕಕ್ಕೆ ಸೆಪ್ಟೆಂಬರ್ ಕೊನೆಯ ಅಂಕಿ ಬರುವ ತನಕ ತಾಳ್ಮೆ ಬೇಕು. 110 ದಿನ ಇಳಿದು 90ರ ಕೆಳಗೆ ಬಂದರೆ ಕಂಪನಿ ಉಸಿರಾಡುತ್ತಿದೆ ಅಂತ. 130 ದಾಟಿದರೆ ಲಾಭಾಂಶಕ್ಕೆ ಕತ್ತರಿ ಬೀಳುವ ಸಾಧ್ಯತೆ ಜಾಸ್ತಿ. ಲಾಭ ಪುಸ್ತಕದಲ್ಲಿ ಇರುತ್ತದೆ, ಹಂಚಲು ನಗದು ಇರುವುದಿಲ್ಲ. ಇನ್ನೊಂದು ಸಾಲನ್ನೂ ನೋಡಿ. ನಿಯಂತ್ರಣ ಆಯೋಗ ಮುಂದೆ ಒಪ್ಪುತ್ತದೆ ಎಂದು ಈಗಲೇ ಬರೆದುಕೊಳ್ಳುವ ಆದಾಯ, ರೆಗ್ಯುಲೇಟರಿ ಡಿಫರಲ್ ಅನ್ನುವ ಹೆಸರಲ್ಲಿ ಕೆಲವು ಕಂಪನಿಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಸದ್ಯ ಇಲ್ಲ. ಮುಂದೆ ದಿಢೀರ್ ಕಾಣಿಸಿಕೊಂಡರೆ ಎಚ್ಚರ.

ಅರ್ಧ ಮಾರುವುದು ಇನ್ನೊಂದು. ನಿದ್ದೆ ಕೆಡುತ್ತಿದ್ದರೆ ಇದೂ ತಪ್ಪಲ್ಲ. ಷೇರು ಕೊಂಡು ಒಂದು ವರ್ಷ ಮೇಲಾಗಿದ್ದರೆ, ವರ್ಷಕ್ಕೆ 1.25 ಲಕ್ಷ ದಾಟಿದ ಲಾಭಕ್ಕೆ ಶೇ. 12.5 ತೆರಿಗೆ. ವರ್ಷದೊಳಗೆ ಮಾರಿದರೆ ಶೇ. 20. ದಿನಾಂಕ ನೋಡಿಕೊಂಡು ಮಾರಿ, ಹತ್ತು ದಿನದ ಅವಸರಕ್ಕೆ ಜಾಸ್ತಿ ತೆರಿಗೆ ಕಟ್ಟಿದವರನ್ನು ಕಂಡಿದ್ದೇನೆ.

ಇಂಧನದ ತಲೆನೋವೇ ಬೇಡ, ಜಲವಿದ್ಯುತ್ ಕಂಪನಿಗೆ ಹೋಗುತ್ತೇನೆ ಅನ್ನುವುದು ಮೂರನೆಯದು. ಕೊಡಗಿನವರಿಗೆ ಇದು ಸಹಜವಾಗಿ ಇಷ್ಟವಾಗುತ್ತದೆ, ನೀರು ನಮ್ಮದೇ ಅಲ್ವಾ? ಬ್ರಹ್ಮಗಿರಿ ಕಡೆಯ ನೀರು ಬರಪೊಳೆಯಾಗಿ ಇಳಿದು ಹೋಗಿ ಕಣ್ಣೂರು ಜಿಲ್ಲೆಯಲ್ಲಿ ಕೇರಳದ 15 ಮೆಗಾವಾಟ್ ಕಿರು ಸ್ಥಾವರ ಓಡಿಸುತ್ತದೆ. ಹಾರಂಗಿ ಅಣೆಕಟ್ಟಿನ ಬುಡದಲ್ಲೂ ಕಿರು ಜಲವಿದ್ಯುತ್ ಇದೆ. ಇಲ್ಲಿ ಕಳೆಯಲು ಇಂಧನವೇ ಇಲ್ಲ, ಆದಾಯವೇ ಮಾರ್ಜಿನ್. ಆದರೆ ಕಿರು ಘಟಕಗಳಿಗೆ ಹೋಂಸ್ಟೇ ಏಜೆಂಟಿನ ಥರ ಎರಡು ಬಿಲ್ ಇರುವುದಿಲ್ಲ. ಯೂನಿಟ್ ಬಂದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಬಡ್ಡಿ ಮಾತ್ರ ಫೆಬ್ರವರಿಯಲ್ಲೂ ಕಟ್ಟಬೇಕು. 2023ರ ಮಳೆ ಕೈಕೊಟ್ಟಾಗ ರಾಜ್ಯದಲ್ಲಿ ವಿದ್ಯುತ್ ಎಷ್ಟು ಬಿಗಿಯಾಯಿತು ಅಂದರೆ, ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಬಳಸಿ, ಖಾಸಗಿ ಉತ್ಪಾದಕರು ರಾಜ್ಯದ ಗ್ರಿಡ್ಡಿಗೇ ಕೊಡಬೇಕು ಎಂದಿತು. ಹೊರಗೆ ಒಳ್ಳೆ ರೇಟು ಇದ್ದಾಗಲೇ ಬಾಗಿಲು ಮುಚ್ಚಿತು. ಅದಕ್ಕಿಂತ ದೊಡ್ಡ ಮಾತು, ನಿಮ್ಮ ತೋಟದ ಆದಾಯವೂ ಮಳೆಯ ಮೇಲೇ ನಿಂತಿದೆ. ಕಾಫಿ ಹೂ ಅರಳಿಸುವ ಬ್ಲಾಸಮ್ ಮಳೆ ತಪ್ಪಿದ ವರ್ಷವೇ ಷೇರೂ ಕುಗ್ಗಿದರೆ? ಒಂದೇ ಮೋಡಕ್ಕೆ ಎರಡು ಕೊಡ ಹಿಡಿದ ಹಾಗೆ.

ಒಪ್ಪಂದ ಇಲ್ಲದೆ ವಿನಿಮಯ ಕೇಂದ್ರದಲ್ಲಿ ದಿನದ ರೇಟಿಗೆ ಮಾರುವ ಕಂಪನಿಗಳ ಆಸೆಯನ್ನು ಸದ್ಯಕ್ಕೆ ಬಿಡಿ ಅನ್ನುತ್ತೇನೆ. ಅಲ್ಲಿ ದಿನವನ್ನು 15 ನಿಮಿಷದ 96 ತುಂಡು ಮಾಡಿ ರೇಟು ಕಟ್ಟುತ್ತಾರೆ. ಸೋಲಾರ್ ತುಂಬಿರುವ ಮಧ್ಯಾಹ್ನ ನೆಲಕಚ್ಚಿದ ರೇಟು ಸಂಜೆ ಏರುತ್ತದೆ. ಮೇಲೆ ಯೂನಿಟ್ಟಿಗೆ 10 ರೂಪಾಯಿಯ ಮಿತಿ ಇದೆ, ಕೆಳಗೆ ಕಲ್ಲಿದ್ದಲಿನ ಖರ್ಚಾದರೂ ಬರುತ್ತದೆ ಅನ್ನುವ ಭರವಸೆ ಇಲ್ಲ. ನಿಮ್ಮಂಥವರು ದಿನಾ ಕೂತು ನೋಡುವ ಆಟವಲ್ಲ.

ಕಂಪನಿಯ ವಾರ್ಷಿಕ ಸಭೆಗೆ ಈಗ ಮನೆಯಿಂದಲೇ ವಿಡಿಯೊದಲ್ಲಿ ಸೇರಬಹುದು. ಷೇರುದಾರರು ಮೊದಲೇ ಹೆಸರು ಕೊಟ್ಟು ಪ್ರಶ್ನೆ ಕೇಳಬಹುದು. ಎರಡೇ ಕೇಳಿ. 'ಆ 780 ಕೋಟಿಯಲ್ಲಿ ಆರು ತಿಂಗಳು ದಾಟಿದ್ದು ಎಷ್ಟು, ಯಾರಿಂದ ಬರಬೇಕು?' ಆಮೇಲೆ, 'ಏಳು ವಾರ ನಿಂತ ಘಟಕದಿಂದಾಗಿ ಸ್ಥಿರ ಶುಲ್ಕ ಎಷ್ಟು ಕಡಿತ ಆಯಿತು?' ಉತ್ತರ ಬರೆದುಕೊಂಡು ನನಗೂ ಕಳಿಸಿ. ಸಭೆ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಬರುತ್ತದೆ. ಆ ಮಳೆಯಲ್ಲಿ ನಿಮ್ಮೂರಲ್ಲಿ ಕರೆಂಟ್ ಇರುತ್ತದೆ ಅನ್ನುವ ನಂಬಿಕೆ ನನಗಿಲ್ಲ, ಹಿಂದಿನ ದಿನವೇ ಜನರೇಟರಿಗೆ ಡೀಸೆಲ್ ಹಾಕಿಟ್ಟುಕೊಳ್ಳಿ.